ಲಕ್ಕುಂಡಿಗೆ ಕಾರ್ ಯಾಕ್ರೀ ಬೇಕು?

ಹಾಂ, ಹುಬ್ಬಳ್ಳಿಯಿಂದ ಲಕ್ಕುಂಡಿ ಮ್ಯೂಸಿಯಂ ನೋಡಾಕ ಏಳು ಮಂದಿಗೆ ಕಾರ್ ಬಾಡಿಗಿ ಎಷ್ಟಾಕ್ಕತಿ ಅಂತ ಕೇಳಿದ್ರಲ್ಲ, ಕಾರೇ ಬ್ಯಾಡ್ರಿ. ನಿಮ್ಮೊಳಗ ನಾಕು ಮಂದಿ ಹೆಣ್ಮಕ್ಕಳು, ಶಕ್ತಿ ಯೋಜನೆದಾಗ ಅವ್ರಿಗೆ ಸಾದಾ ಬಸ್ ಫುಕಟ್. ಆಧಾರ್ ಕಾರ್ಡ್ ಇಟ್ಕೊಳ್ರಿ. ಸೊನ್ನೆ ಟಿಕೀಟು ಇಳಿಯೂತನಾ ಕೈಯಾಗ ಇರಲಿ, ರೊಕ್ಕ ಕೊಟ್ಟಿಲ್ಲಲ್ಲ ಅಂತ ಒಗದ್ರ ಚೆಕಿಂಗ್‌ನವ್ರು ಬಂದಾಗ ತಕರಾರು. ಎಸಿ ಬಸ್ಸಿಗೆ ಇದು ನಡಿಯಂಗಿಲ್ಲ. ಸಣ್ಣ ಹುಡುಗ್ರಿಗೆ 6 ತುಂಬಿ 12ರ ಒಳಗಿದ್ರ ಅರ್ಧ ಟಿಕೀಟು.

ಹುಬ್ಬಳ್ಳಿ ಬಸ್ ಹಿಡಿದು ಗದಗದಾಗ ಇಳಿದ ಕೂಡ್ಲೆ ಲಕ್ಕುಂಡಿಗೆ ಓಡಬ್ಯಾಡ್ರಿ. ಭಾಳ ಮಂದಿ ಇಲ್ಲೇ ತಪ್ಪತಾರ. ತ್ರಿಕೂಟೇಶ್ವರ, ವೀರನಾರಾಯಣ ಎರಡೂ ಪೂಜಿ ನಡಿಯೋ ಗುಡಿ, ಮಧ್ಯಾಹ್ನ ಬಾಗಿಲಾ ಹಾಕ್ತಾರ. ಲಕ್ಕುಂಡಿ ಸ್ಮಾರಕ ಹಗಲೆಲ್ಲಾ ತಗದಿರ್ತಾವ. ಅದಕ್ಕ ಮುಂಜಾನೆ ಗದಗ ಮುಗಿಸಿ, ಆಮ್ಯಾಲೆ ಕೊಪ್ಪಳ ಕಡೆ ಬಸ್ ಹಿಡೀರಿ. ಹನ್ನೆರಡು ಕಿಲೋಮೀಟರ್, ಅಷ್ಟ. ದೂರದ ಬಸ್ ಕೆಲವು ನಿಲ್ಲಂಗಿಲ್ಲ, ಹತ್ತೂ ಮೊದಲ ಕಂಡಕ್ಟರ್‌ನ್ನ ಕೇಳ್ರಿ.

ಲಕ್ಕುಂಡ್ಯಾಗ ಮ್ಯೂಸಿಯಂ ಮೊದಲ ಹೊಕ್ರ ಬರೇ ಕಲ್ಲು ಸಾಲಾಗಿ ಇಟ್ಟಂಗ ಕಾಣತೈತಿ, ಹುಡುಗ್ರು ಹತ್ತು ನಿಮಿಷದಾಗ ಬ್ಯಾಸರಾಕ್ಕಾರ. ಮೊದಲ ಕಾಶಿವಿಶ್ವೇಶ್ವರ ನೋಡ್ರಿ. ಶಿವನ ಗುಡಿ, ಸೂರ್ಯನ ಗುಡಿ ಎದುರುಬದುರು ಅದಾವ. ಬಾಗಿಲ ಚೌಕಟ್ಟಿನ ಕೆತ್ತನಿ ಅಷ್ಟು ಸೂಕ್ಷ್ಮ ಬಂದದ್ದು ಯಾಕಂದ್ರ ಅದು ಬಳಪದ ಕಲ್ಲು, ಉಳಿಗೆ ಮೆತ್ತಗ. ಬಾದಾಮಿ ಮರಳುಗಲ್ಲಿನ್ಯಾಗ ಇಷ್ಟು ಸೂಕ್ಷ್ಮ ಬರೂದು ಕಷ್ಟ. ಆಮ್ಯಾಲೆ ಬ್ರಹ್ಮ ಜಿನಾಲಯ ಅನ್ನೂ ಜೈನ ಬಸದಿ, 1007ರಾಗ ಅತ್ತಿಮಬ್ಬೆ ಕಟ್ಟಿಸಿದ್ದು. ಒಳಗಿನ ನಾಕು ಮುಖದ ಬ್ರಹ್ಮನ್ನ ಬಿಡಬ್ಯಾಡ್ರಿ. ಇಷ್ಟಾದ ಮ್ಯಾಲೆ ಮ್ಯೂಸಿಯಂಗೆ ಹೋದ್ರ, ಯಾವ ಕಲ್ಲು ಗುಡಿಯೊಳಗ ಎಲ್ಲಿ ಕುಂದ್ರತಿತ್ತು ಅಂತ ಹುಡುಗ್ರೇ ಹೇಳ್ತಾರ.

ಕಲ್ಲು ಓದೂದು ಹಿಂಗ. ವೀರಗಲ್ಲು ಕೆಳಗಿಂದ ಮ್ಯಾಲೆ: ತಳದಾಗ ಕಾಳಗ, ನಡುವ ಅಪ್ಸರೆಯರು ವೀರನ್ನ ಒಯ್ಯೂದು, ತುದ್ಯಾಗ ದೇವರ ಸನ್ನಿಧಿ. ಶಾಸನದ ತಲಿಮ್ಯಾಲೆ ಸೂರ್ಯ ಚಂದ್ರ ಇದ್ರ, ಅವು ಇರೂತನಾ ಈ ದಾನ ನಡೀಲಿ ಅಂತ ಅರ್ಥ. ತೀರ್ಥಂಕರನ ತಲಿಮ್ಯಾಲೆ ಏಳು ಹೆಡಿ ಇದ್ರ ಪಾರ್ಶ್ವನಾಥ, ಐದಿದ್ರ ಸುಪಾರ್ಶ್ವನಾಥ. ಹುಡುಗ್ರಿಗೆ ಹೆಡಿ ಎಣಿಸಾಕ ಹಚ್ಚಿಬಿಡ್ರಿ, ಒಂದ್ ತಾಸು ಶಾಂತಿ.

ಮುಸುಕಿನ ಬಾವಿ ಕಡೀಕ ಇಟ್ಕೊಳ್ರಿ, ಪಾವಟಿಗಿ ಇಳಿದು ಹತ್ತೂದ್ರಾಗ ಅಜ್ಜಿ ಕಾಲು ಸೋಲ್ತಾವ, ಅವ್ರು ಮ್ಯಾಲೇ ಕುಂದ್ರಲಿ. ಬ್ಯಾಸಗಿ ಬಿಸಿಲಿಗೆ ಹಾಸುಗಲ್ಲು ಹಂಚಿನಂಗ ಕಾಯ್ತಾವ, ಚಪ್ಲಿ ಬಿಡೂ ಕಡೆ ಕಾಲುಚೀಲ ಹಾಕ್ಕೊಳ್ರಿ. ಬುತ್ತಿ ಕಟ್ಕೊಂಡ ಹೋಗ್ರಿ, ರೊಟ್ಟಿ ಶೇಂಗಾ ಚಟ್ನಿ ಸಾಕು, ನೀರು ಮಾತ್ರ ತಲಿಗೊಂದು ಬಾಟ್ಲಿ. ಮೊಬೈಲ್ ಫೋಟೋಕ್ಕ ಸ್ಟ್ಯಾಂಡ್ ಒಯ್ಯಬ್ಯಾಡ್ರಿ, ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕಾಕ್ಕತಿ.

ಅಂದಂಗ ಶುಕ್ರವಾರ ಬ್ಯಾಡ್ರಿ. ಕೇಂದ್ರ ಪುರಾತತ್ವ ಇಲಾಖೆ ಮ್ಯೂಸಿಯಂಗೋಳಿಗೆ ಅವತ್ತ ಸೂಟಿ ಇರೂದು ರೂಢಿ.