ಮೂರು ಊರು, ಮೂರು ನಮೂನೆ: ಹಿರಿಯರ ಸ್ಥಿತಿಯನ್ನು ಒಂದೇ ರೀತಿ ದಾಖಲಿಸುವುದು ಹೇಗೆ?

ಪ್ರಶ್ನೆ – ಹುಬ್ಬಳ್ಳಿಯ ಸಮಾಜ ಕಾರ್ಯಕರ್ತೆ

ನಮ್ಮ ಸಂಸ್ಥೆ ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಹಿರಿಯರಿಗೆ ಮನೆಯಲ್ಲೇ ಆರೈಕೆ ಒದಗಿಸುತ್ತದೆ. ಹೊಸಬರು ಸೇರುವಾಗ ತುಂಬುವ ನಮೂನೆ ಮಾತ್ರ ಊರಿಗೊಂದು. ಹಾವೇರಿಯದರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಮಾತ್ರೆಗಳ ವಿವರವೇ ಎರಡು ಪುಟ. ಬಚ್ಚಲಿಗೆ ಯಾರು ಕರೆದೊಯ್ಯುತ್ತಾರೆ ಎಂಬ ಪ್ರಶ್ನೆಯೇ ಇಲ್ಲ. ಗದಗದ್ದು ‘ಸ್ವಾವಲಂಬಿ’, ‘ಅವಲಂಬಿ’ ಎಂಬ ಎರಡು ಚೌಕಗಳಲ್ಲಿ ಮುಗಿಯುತ್ತದೆ.

ಈಚೆಗೆ ಗದಗದ ಅಜ್ಜಿಯೊಬ್ಬರು ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ಮಗಳ ಮನೆಗೆ ಬಂದರು. ಕಡತದಲ್ಲಿ ಅವರು ಸ್ವಾವಲಂಬಿ. ಇಲ್ಲಿ ಅವರನ್ನು ಮಂಚದಿಂದ ಎಬ್ಬಿಸಲು ಇಬ್ಬರು ಬೇಕು. ಮೊದಲಿನಿಂದಲೂ ಹೀಗೇ ಇದ್ದರೋ, ಈ ನಡುವೆ ಕುಸಿದರೋ ಯಾರಿಗೂ ಗೊತ್ತಿಲ್ಲ. ಕುಸಿದಿದ್ದರೆ ಕೂಡಲೇ ಕಾರಣ ಹುಡುಕಬೇಕಿತ್ತಲ್ಲ ಎಂದು ನನಗೆ ತುಂಬ ಸಂಕಟವಾಗುತ್ತಿದೆ. ಮೂರೂ ಊರಿಗೆ ಒಂದೇ ನಮೂನೆ ತರಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ – ಗದಗದ ಫಿಸಿಯೋಥೆರಪಿಸ್ಟ್

ಮೇಡಂ, ಹೊಸದನ್ನು ಕಟ್ಟಲು ಹೋಗಬೇಡಿ. 1963ರಲ್ಲಿ ಪ್ರಕಟವಾದ ಕಾಟ್ಜ್ ಸೂಚ್ಯಂಕ ಆರೇ ವಿಷಯ ಕೇಳುತ್ತದೆ: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಪ್ರತಿಯೊಂದರಲ್ಲೂ ಸ್ವತಂತ್ರರಾಗಿದ್ದರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ. ಅಜ್ಜಿಗೆ ಏಳುವುದರಲ್ಲಿ ಅಂಕ ಹೋಯಿತೆಂದು ದಿನಾಂಕದೊಂದಿಗೆ ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಆದರೆ ಅಂಕಕ್ಕಿಂತ ವಿವರಣೆ ಮುಖ್ಯ. ಬೆನ್ನು ಉಜ್ಜಲು ಮಾತ್ರ ನೆರವು ಬೇಕಾದರೆ ಕಾಟ್ಜ್ ಪ್ರಕಾರ ಸ್ನಾನದಲ್ಲಿ ಅವರು ಸ್ವತಂತ್ರರು. ಸೀರೆಯ ನಿರಿಗೆ ಹಿಡಿಯಲು ಸೊಸೆ ಬಂದರೆ? ನಿಮ್ಮ ತಂಡ ಉತ್ತರ ನಿರ್ಧರಿಸಿ ನಮೂನೆಯಲ್ಲೇ ಮುದ್ರಿಸಲಿ. ‘ಮಾಡಬಲ್ಲರೇ’ ಎಂದು ಕೇಳಬೇಡಿ, ‘ಈಗ ಮಾಡುತ್ತಿದ್ದಾರೆಯೇ’ ಎಂದು ನೋಡಿ.

ಅಡುಗೆ, ಹಣಕಾಸು, ಮಾತ್ರೆ, ಪ್ರಯಾಣ ಮುಂತಾದ ಎಂಟು ಕೆಲಸಗಳಿಗೆ 1969ರ ಲಾಟನ್ ಮಾಪಕವಿದೆ. ಮೂಲದಲ್ಲಿ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಬಿಟ್ಟು ಎಣಿಸುತ್ತಿದ್ದರು. ನೀವು ಬಿಡಬೇಡಿ. ಹೆಂಡತಿ ತೀರಿಹೋದ ಅಜ್ಜನಿಗೆ ರೊಟ್ಟಿ ಬಡಿಯಲು ಬಾರದಿದ್ದರೆ ಅವರ ದೊಡ್ಡ ಕೊರತೆ ಅದೇ. ‘ಎಂದೂ ಮಾಡಿಲ್ಲ’ ಎಂದು ಬೇರೆ ಗುರುತು ಹಾಕಿದರಾಯಿತು.

ಜಾರಿಗೆ ತರುವ ಮೊದಲು ಇಬ್ಬರು ಕಾರ್ಯಕರ್ತರು ಒಬ್ಬರೇ ಹಿರಿಯರನ್ನು ನೋಡಿ ಬೇರೆ ಬೇರೆಯಾಗಿ ತುಂಬಲಿ. ಎಲ್ಲಿ ಭಿನ್ನವಾಯಿತೋ ಆ ಪ್ರಶ್ನೆಯ ವಾಕ್ಯ ತಿದ್ದಿ.

ಉತ್ತರ – ಹಾವೇರಿಯ ನಿವೃತ್ತ ಶಿಕ್ಷಕಿ

ಇಂಥ ಪ್ರಶ್ನೆಗಳಿಗೆ ಉತ್ತರಿಸುವ ವಯಸ್ಸು ನನ್ನದು, ಅದಕ್ಕೇ ಬರೆಯುತ್ತಿದ್ದೇನೆ. ಮಗ, ಸೊಸೆ ಎದುರಿಗೇ ನಿಂತಿರುವಾಗ ‘ಊಟ ಸರಿಯಾಗಿ ಸಿಗುತ್ತದೆಯೇ’ ಎಂದರೆ ಯಾವ ತಾಯಿ ಇಲ್ಲ ಎಂದಾಳು? ಸ್ವಲ್ಪ ಹೊತ್ತು ಮನೆಯವರಿಲ್ಲದೆ ಹಿರಿಯರೊಂದಿಗೇ ಮಾತನಾಡುವುದನ್ನು ನಿಯಮವಾಗಿಸಿ. ನೆನಪಿನ ಪರೀಕ್ಷೆಯಲ್ಲಿ ವಾಕ್ಯ ಬರೆಸುವುದು, ಓದಿಸುವುದು ಬೇಡ. ಶಾಲೆಯ ಮೆಟ್ಟಿಲು ಹತ್ತದವರಿಗೆ ಮರೆವಿನ ಪಟ್ಟ ಕಟ್ಟುವುದು ಅನ್ಯಾಯ. ಇನ್ನೊಂದು ಮಾತು: ‘ನಿಮಗೆ ಏನು ಬೇಕು’ ಎಂಬ ಪ್ರಶ್ನೆ ಮೊದಲ ಪುಟದಲ್ಲೇ ಇರಲಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಉತ್ತರ – ಧಾರವಾಡದ ಪ್ರಕರಣ ನಿರ್ವಾಹಕ

ಅಕ್ಕಾವರು ಹೇಳಿದ್ದು ನೂರಕ್ಕೆ ನೂರು ನಿಜ. ಓದುಬರಹ ಬಾರದವರಿಗೆಂದೇ ಹಿಂದಿಯಲ್ಲಿ ರೂಪಿಸಿದ ನೆನಪಿನ ಪರೀಕ್ಷೆಯೊಂದಿದೆ. ಕನ್ನಡದಲ್ಲಿ ಏನನ್ನು ಬಳಸಬೇಕೆಂದು ಇಲ್ಲಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನ ತಜ್ಞರನ್ನು ಕೇಳಿ, ನೀವೇ ಅನುವಾದಿಸಬೇಡಿ.

ಮೇಡಂ, ನಮೂನೆ ಒಂದಾದರೂ ಓದುವವರಿಲ್ಲದಿದ್ದರೆ ಅಜ್ಜಿಗೆ ಏನೂ ಬದಲಾಗದು. ಪ್ರತಿ ಕಡತದ ಮೇಲೆ ಹೊಣೆ ಹೊತ್ತ ಒಬ್ಬರ ಹೆಸರು ಮತ್ತು ಮುಂದಿನ ಭೇಟಿಯ ದಿನಾಂಕ ಕಡ್ಡಾಯ. ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ ಇಟ್ಟುಕೊಳ್ಳಿ. ಬಿದ್ದರೆ, ಆಸ್ಪತ್ರೆಯಿಂದ ಮರಳಿದರೆ, ಸಂಗಾತಿ ತೀರಿಕೊಂಡರೆ, ಮನೆ ಬದಲಿಸಿದರೆ ಅಲ್ಲಿಯವರೆಗೆ ಕಾಯಬೇಡಿ. ಅಂಕ ಇಳಿದಾಗ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದೂ ಅದೇ ಹಾಳೆಯಲ್ಲಿರಲಿ.

ಏಕಾಂತದ ಮಾತಿನಲ್ಲಿ ಹೊಡೆತ, ಉಪವಾಸ, ಆಸ್ತಿ ಬರೆಸಿಕೊಂಡ ಸಂಗತಿ ಹೊರಬಂದರೆ ಹಿರಿಯರ ಸಹಾಯವಾಣಿ 14567 ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ನಿರ್ವಹಣಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇದನ್ನು ಅವರ ಒಪ್ಪಿಗೆ ಪಡೆದೇ ಮಾಡಿ. ಆದರೆ ಆ ಟಿಪ್ಪಣಿಯನ್ನು ಮನೆಯಲ್ಲಿ ಬಿಟ್ಟುಬರುವ ಪ್ರತಿಯಲ್ಲಿ ಎಂದಿಗೂ ಬರೆಯಬೇಡಿ.