ಗುಂಪು ಬಿಟ್ಟವರು ಪುತ್ತರಿಗೆ ಹೋಗಬಹುದೇ?

ಕಳೆದ ಸಂಚಿಕೆಯಲ್ಲಿ ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಒಕ್ಕದ, ಅಂದರೆ ಕೊಡವ ಮನೆತನದ, ವಾಟ್ಸಾಪ್ ಗುಂಪಿನಲ್ಲಿ ರಾಜಕೀಯದ ಜಗಳ ಜಾಸ್ತಿಯಾಗಿ ಹೊರಬಂದರು. ಅಂದಿನಿಂದ ಯಾರೂ ಮಾತಾಡಿಸುತ್ತಿಲ್ಲ. ಸುಗ್ಗಿಯ ಹಬ್ಬ ಪುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಹೋಗಲೋ ಬೇಡವೋ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಬಿಟ್ಟವರು ನೀವು. ಕರೆಯಲಿಲ್ಲ ಅಂತ ಕೊರಗುವವರೂ ನೀವೇ. ಐನ್‌ಮನೆಗೆ ಹೋಗಲು ಅಡ್ಮಿನ್ ಒಪ್ಪಿಗೆ ಬೇಕಾ?
– ವಿರಾಜಪೇಟೆ

*

ಮಾತು ಖಾರ, ಆದರೂ ಪ್ರಶ್ನೆ ನ್ಯಾಯವಾದದ್ದು. ಮುಂದಿನ ಪತ್ರವನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

*

ನೀವು ಕೇಳಿದ್ದಕ್ಕೆ ಇದು ಉತ್ತರ ಅಲ್ಲದಿರಬಹುದು. ನನ್ನದು ತವರುಮನೆಯ ಗುಂಪು. ತಂಗಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ಯಾರೋ ಗುಂಪಿಗೆ ಹಾಕಿದರು. ತೋಟ ಭಾಗ ಮಾಡಿದ ವಿಷಯ, ಅತ್ತಿಗೆಯ ಹೆಸರು ಎಲ್ಲ ಅದರಲ್ಲಿತ್ತು. ಅಡುಗೆಮನೆಯಲ್ಲಿ ಅಕ್ಕತಂಗಿಯರು ಆಡಿಕೊಳ್ಳುವ ಮಾತು. ಬಂಧುಬಳಗವೆಲ್ಲ ಕಿವಿಗೆ ಫೋನ್ ಹಿಡಿದು ಕೇಳಿತು. ನಾನು ಹೊರಬಂದೆ.

ಆಮೇಲೊಮ್ಮೆ ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಸುದ್ದಿಯನ್ನು ಗುಂಪಿಗೆ ಹಾಕಿದ್ದರಂತೆ. ಹಾಕಿದ ಮೇಲೆ ಎಲ್ಲರಿಗೂ ಗೊತ್ತಾಯಿತು ಅಂತ ಎಲ್ಲರೂ ಅಂದುಕೊಂಡರು. ನನಗೆ ಒಬ್ಬರೂ ಫೋನ್ ಮಾಡಲಿಲ್ಲ. ಬೇಕಂತ ಮಾಡಿದ್ದಾದರೆ ಜಗಳವಾದರೂ ಆಡಬಹುದಿತ್ತು. ಅವರು ಮರೆತೇಬಿಟ್ಟಿದ್ದರು. ಗೋಣಿಕೊಪ್ಪದ ಸಂತೆಯಲ್ಲಿ ಮೀನು ಮಾರುವವರು "ಅವ್ವ ಈಗ ಹೇಗಿದ್ದಾರೆ?" ಅಂತ ಕೇಳಿದಾಗಲೇ ನನಗೆ ತಿಳಿದದ್ದು. ನಾನು ಮೈಸೂರು ಸೇರುವ ಹೊತ್ತಿಗೆ ಅವ್ವನಿಗೆ ಮಾತು ನಿಂತಿತ್ತು.

ನಮ್ಮಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುವ ಪದ್ಧತಿ ಉಂಟಲ್ವಾ? ಆ ಶಬ್ದ ಜಗಳವಾಡಿ ದೂರ ಕೂತವನ ಕಿವಿಗೂ ಬೀಳುತ್ತದೆ. ವಾಟ್ಸಾಪ್ ಗುಂಪಿನದು ಒಳಗಿದ್ದವರಿಗೆ ಮಾತ್ರ ಕೇಳಿಸುತ್ತದೆ. ಗುಂಪಿಗೆ ವಾಪಸ್ ಹೋಗಿ ಅಂತ ನಾನು ಹೇಳುವುದಿಲ್ಲ, ನಾನೂ ಹೋಗಿಲ್ಲ. ಆದರೆ ಒಕ್ಕದಲ್ಲಿ ಒಬ್ಬರಿಗಾದರೂ ಆಗಾಗ ಫೋನ್ ಮಾಡುತ್ತಿರಿ. ಏನಾದರೂ ಆದರೆ ನಿಮಗೆ ಹೇಳಬೇಕು ಅಂತ ಅವರಿಗೆ ನೆನಪಿರಲಿ.
– ಪೊನ್ನಂಪೇಟೆಯ ಒಬ್ಬಳು ಮಗಳು

*

ಅಂಕಲ್, ಮುಂದಿನ ಸಲ ಗುಂಪು ಬಿಡಬೇಡಿ, ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಯಾರಿಗೂ ಗೊತ್ತಾಗಲ್ಲ. ಬಿಡಲೇಬೇಕು ಅಂದರೆ ಅದಕ್ಕೂ ದಾರಿ ಇದೆ. ಮೊದಲೆಲ್ಲ ಯಾರು ಹೊರಬಿದ್ದರೂ ಇಡೀ ಗುಂಪಿಗೆ ಸುದ್ದಿ ಹೋಗುತ್ತಿತ್ತು. 2022ರಲ್ಲಿ ಅದನ್ನು ಬದಲಾಯಿಸಿದರು, ಈಗ ಆ ಸುದ್ದಿ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ನಾನು ನಮ್ಮ ಒಕ್ಕದ ಗುಂಪು ತೆರೆಯುವುದು ಯಾರದ್ದಾದರೂ ಮದುವೆ ಇದ್ದರೆ ಮಾತ್ರ.
– ಬೆಂಗಳೂರಿನಲ್ಲಿರುವ ಮಡಿಕೇರಿಯ ಹುಡುಗ

*

ಸಲಹೆ ಉಪಯುಕ್ತ. ಊಟದ ಸುದ್ದಿ ಮಾತ್ರ ತಪ್ಪದಂತೆ ನೋಡಿಕೊಂಡಿದ್ದಾರೆ.

*

ವಾಟ್ಸಾಪನ್ನು ಬೈಯುವುದು ಈಗ ಫ್ಯಾಷನ್. ನಮ್ಮೂರ ಗುಂಪಿನಲ್ಲಿ ಬೆಳಿಗ್ಗೆ ಮೊದಲು ಬರುವುದು ಗುಡ್ ಮಾರ್ನಿಂಗ್ ಅಲ್ಲ, ಆನೆ ಯಾವ ತೋಟದಲ್ಲಿದೆ ಅನ್ನುವ ಸುದ್ದಿ. ಅದನ್ನು ನೋಡಿಯೇ ಆಳುಗಳು ಕಾಫಿ ಕೊಯ್ಯಲು ಇಳಿಯುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಯಾವ ರಸ್ತೆ ಉಳಿದಿದೆ ಅಂತ ತಿಳಿದದ್ದೂ ಫೋನಿನಿಂದಲೇ, ಸಿಗ್ನಲ್ ಇದ್ದಷ್ಟು ಹೊತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ನಿಮ್ಮ ಪತ್ರಿಕೆ ಮೊದಲು ಅದನ್ನು ಬರೆಯಲಿ.
– ಸಿದ್ದಾಪುರ

*

ಬರೆಯುತ್ತೇವೆ. ಸೋಮವಾರಪೇಟೆಯವರದ್ದು ಬೇರೆ ರಾಗ.

*

ಹೋಗಬೇಡಿ. ಕದಿರು ಕೊಯ್ಯುವಾಗ "ಪೊಲಿ ಪೊಲಿ ದೇವಾ" ಅನ್ನುವುದಕ್ಕಿಂತ ರೀಲ್ಸ್ ಮಾಡುವುದರಲ್ಲೇ ಎಲ್ಲರ ಗಮನ. ಈ ವರ್ಷ ಮನೆಯಲ್ಲೇ ತಂಬಿಟ್ಟು ತಿಂದು ಆರಾಮಾಗಿರಿ.
– ಸೋಮವಾರಪೇಟೆ

*

ರೀಲ್ಸ್ ಮಾಡುವವರು ಇರುತ್ತಾರೆ, ನಿಜ. ಐನ್‌ಮನೆಯ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯ ದೀಪದ ಹತ್ತಿರ ಕೂತ ಹಿರಿಯರೂ ಇರುತ್ತಾರೆ. ಅವರಲ್ಲಿ ಎಷ್ಟೋ ಜನ ಯಾವ ಗುಂಪಿನಲ್ಲೂ ಇಲ್ಲ.

ಪಾಡಿ ಇಗ್ಗುತಪ್ಪ ಸನ್ನಿಧಿಯಲ್ಲಿ ಪುತ್ತರಿಯ ದಿನ, ಮುಹೂರ್ತ ಗೊತ್ತಾದ ಕೂಡಲೇ ಇಲ್ಲಿ ಪ್ರಕಟಿಸುತ್ತೇವೆ. ನಾಪೋಕ್ಲಿನ ಓದುಗರು ಬೇರೆಯವರ ಮೆಸೇಜಿಗೆ ಕಾಯಬೇಕಿಲ್ಲ.
– ಸಂ.