ರಿಪೀಟರ್ ಹಾಕಿದ್ಮೇಲೆ ಸಿಗ್ನಲ್ ಫುಲ್, ಸ್ಪೀಡ್ ಮಾತ್ರ ಇಲ್ಲ

ಪ್ರಶ್ನೆ:
ರೂಟರ್ ಇರೋದು ಕೆಳಗಡೆ ಹಾಲ್‌ನಲ್ಲಿ. ಮಹಡಿಯ ಕೊನೇ ರೂಮಲ್ಲಿ ವೈಫೈ ಸರಿಯಾಗಿ ಸಿಗ್ತಿರಲಿಲ್ಲ ಅಂತ ಆ ರೂಮಲ್ಲೇ ಒಂದು ರಿಪೀಟರ್ (ರೂಟರ್‌ನ ವೈಫೈ ಹಿಡಿದು ಮುಂದಕ್ಕೆ ಕಳಿಸೋ ಡಬ್ಬಿ) ಹಾಕಿದೆ. ಈಗ ಫೋನಲ್ಲಿ ಎಲ್ಲಾ ಕಡ್ಡಿನೂ ತೋರಿಸುತ್ತೆ, ಆದ್ರೆ ವಿಡಿಯೋ ಕಾಲ್ ತುಂಡು ತುಂಡು. ರೂಟರ್ ಪಕ್ಕ 90 ಎಂಬಿಪಿಎಸ್ ಬಂದ್ರೆ ಇಲ್ಲಿ 6 ದಾಟಲ್ಲ. ರೀಸೆಟ್, ಫರ್ಮ್‌ವೇರ್ ಅಪ್‌ಡೇಟ್ ಎಲ್ಲಾ ಆಯ್ತು. ರಿಪೀಟರೇ ಕೆಟ್ಟಿದೆಯಾ?

ಉತ್ತರ 1:
ಕೆಟ್ಟಿರಲಿಕ್ಕಿಲ್ಲ, ಇಟ್ಟ ಜಾಗ ಸರಿಯಿಲ್ಲ. ಕಡ್ಡಿ ತೋರಿಸೋದು ಫೋನಿಗೂ ರಿಪೀಟರ್‌ಗೂ ನಡುವಿನ ಸಿಗ್ನಲ್ ಅಷ್ಟೇ. ಅಲ್ಲಿಂದ ರೂಟರ್ ತನಕ ಏನಾಗ್ತಿದೆ ಅಂತ ಫೋನಿಗೆ ಗೊತ್ತಾಗಲ್ಲ. ಸಿಗ್ನಲ್ ಬರದ ರೂಮಲ್ಲಿ ಇಟ್ರೆ ರಿಪೀಟರ್‌ಗೆ ಮಾತ್ರ ಎಲ್ಲಿಂದ ಬರಬೇಕು?

ರಿಪೀಟರ್‌ನ ಅಡ್ಮಿನ್ ಪೇಜ್‌ನಲ್ಲಿ (ಬ್ರೌಸರ್‌ನಲ್ಲಿ ತೆರೆಯೋ ಅದರ ಸೆಟ್ಟಿಂಗ್ಸ್ ಪುಟ) ರೂಟರ್‌ನಿಂದ ಬರ್ತಿರೋ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂತ ನೋಡಿ. ಮೈನಸ್ ಲೆಕ್ಕ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. -65 ಆಸುಪಾಸು ಇದ್ರೆ ಚಿಂತೆಯಿಲ್ಲ, -80 ಅಂದ್ರೆ ಲಿಂಕ್ ಏದುಸಿರು ಬಿಡ್ತಿದೆ ಅಂತ. ಜೊತೆಗೆ ಮೇಲಿನ ರೂಮಿಂದ ರೂಟರ್ ಐಪಿಗೆ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಪಿಂಗ್ ಹಾಕಿ, ಅಂದ್ರೆ ಉತ್ತರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಪರೀಕ್ಷಿಸಿ. ಅಲ್ಲೇ ತಡ ಆದ್ರೆ ತೊಂದರೆ ಮನೆಯೊಳಗಿನ ವೈಫೈದು, ಇಂಟರ್ನೆಟ್ ಲೈನ್‌ದಲ್ಲ.

ಪ್ರಶ್ನೆ ಕೇಳಿದವರು:
-81 ಇತ್ತು! ಮೆಟ್ಟಿಲ ತಿರುವಿಗೆ ತಂದಿಟ್ಟೆ, -62 ಆಯ್ತು. ರೂಮಲ್ಲಿ ಕಡ್ಡಿ ಕಮ್ಮಿ, ಆದ್ರೆ ಸ್ಪೀಡ್ 35. ಕಾಲ್ ಕಟ್ ಆಗ್ತಿಲ್ಲ. ಪೂರ್ತಿ 90 ಯಾಕೆ ಬರಲ್ಲ? ಚಾನೆಲ್ ಬದಲಾಯಿಸ್ಲಾ?

ಉತ್ತರ 2:
ಒಂದೇ ರೇಡಿಯೋದಲ್ಲಿ ನಡೆಯೋ ರಿಪೀಟರ್ ಒಂದು ಸಲಕ್ಕೆ ಒಂದೋ ಕೇಳುತ್ತೆ, ಇಲ್ಲಾ ಹೇಳುತ್ತೆ. ಪ್ರತಿ ಪ್ಯಾಕೆಟ್ಟೂ ಅದೇ ಚಾನೆಲ್‌ನಲ್ಲಿ ಎರಡು ಸಲ ಹೋಗಬೇಕು, ಹಾಗಾಗಿ ಎಲ್ಲಾ ಸರಿಯಿದ್ರೂ ಸುಮಾರು ಅರ್ಧವೇ ಸಿಗೋದು. ಬಾಕ್ಸ್ ಮೇಲೆ ಬರೆದಿರೋ ದೊಡ್ಡ ನಂಬರ್ ನಂಬಿ ಕೂರಬೇಡಿ. ನಿಮ್ಮದು ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡರಲ್ಲೂ ನಡೆಯೋದು) ಆಗಿದ್ರೆ ರೂಟರ್ ಕಡೆಗೆ 5 ಗಿಗಾಹರ್ಟ್ಸ್, ಫೋನಿನ ಕಡೆಗೆ 2.4 ಮಾಡಿ ನೋಡಿ. ಮಧ್ಯೆ ಕಾಂಕ್ರೀಟ್ ಗೋಡೆ ಇದ್ರೆ 5 ಬೇಗ ಸೋಲುತ್ತೆ, ಆಗ ತಿರುಗಾಮುರುಗಾ ಮಾಡಿ.

ಚಾನೆಲ್ ಬದಲಾಯಿಸೋದಾದ್ರೆ ರೂಟರ್‌ನಲ್ಲಿ ಮಾಡಿ. ಲಿಂಕ್ ಇರೋ ಬ್ಯಾಂಡ್‌ನಲ್ಲಿ ರಿಪೀಟರ್ ಅದರ ಹಿಂದೆನೇ ಹೋಗುತ್ತೆ. 2.4ರಲ್ಲಿ 1, 6, 11ರ ಪೈಕಿ ಗದ್ದಲ ಕಮ್ಮಿ ಇರೋದು, ಅಗಲ 20 ಮೆಗಾಹರ್ಟ್ಸ್ ಸಾಕು.

ಉತ್ತರ 1:
ಒಂದು ಕೇಬಲ್ ಎಳೆಯೋಕೆ ದಾರಿ ಇದ್ರೆ ಈ ಸರ್ಕಸ್ಸೇ ಬೇಡ ನೋಡಿ. ಈಥರ್ನೆಟ್ ಕೇಬಲ್ 100 ಮೀಟರ್ ತನಕ ಎಳೀಬಹುದು. ಹಳೇ ರೂಟರ್ ಮೂಲೇಲಿ ಬಿದ್ದಿದ್ರೆ ಅದನ್ನೇ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನ ವೈಫೈ ಆಗಿ ಕೊಡೋದು) ಮಾಡ್ಕೊಳ್ಳಿ: ಡಿಎಚ್‌ಸಿಪಿ (ಡಿವೈಸ್‌ಗಳಿಗೆ ಐಪಿ ಹಂಚೋ ಕೆಲಸ) ಆಫ್, ಐಪಿ ಮುಖ್ಯ ರೂಟರ್‌ದಕ್ಕಿಂತ ಬೇರೆ, ಕೇಬಲ್ ವ್ಯಾನ್ ಪೋರ್ಟಿಗಲ್ಲ ಲ್ಯಾನ್ ಪೋರ್ಟಿಗೆ. ಇದರಲ್ಲಿ ಡಿಎಚ್‌ಸಿಪಿ ಆಫ್ ಮಾಡೋದೇ ಜನ ಮರೆಯೋದು, ಆಮೇಲೆ ಅರ್ಧ ಡಿವೈಸ್‌ಗೆ ನೆಟ್ ಇಲ್ಲ ಅಂತ ಇನ್ನೊಂದು ಪ್ರಶ್ನೆ ಹಾಕ್ತಾರೆ.

ಪ್ರಶ್ನೆ ಕೇಳಿದವರು:
ಕೇಬಲ್ ಸದ್ಯಕ್ಕಾಗಲ್ಲ. 5/2.4 ಮಾಡಿದ್ಮೇಲೆ 58 ಬರ್ತಿದೆ, ಸಾಕು. ಒಂದೇ ಕಿರಿಕಿರಿ: ಕೆಳಗೆ ಹಾಲ್‌ಗೆ ಬಂದ್ರೂ ಫೋನ್ ರಿಪೀಟರ್‌ನೇ ಹಿಡ್ಕೊಂಡಿರುತ್ತೆ.

ಉತ್ತರ 2:
ಯಾವಾಗ ಬಿಡಬೇಕು ಅನ್ನೋದು ಫೋನಿನ ತೀರ್ಮಾನ. ರಿಪೀಟರ್‌ನ ಟ್ರಾನ್ಸ್‌ಮಿಟ್ ಪವರ್ ಒಂದು ಹಂತ ಇಳಿಸಿ. ಆಗಲೂ ಬಿಡದಿದ್ರೆ ಅದಕ್ಕೆ ಬೇರೆ ಹೆಸರು ಕೊಟ್ಟು ಕೈಯಾರೆ ಬದಲಾಯಿಸಿಕೊಳ್ಳಿ.